ಅತ್ತಿಗೆಯ ಮಾತು, ಗಂಡಸಿನ ಸೀರೆ

ಚಿತ್ರರಂಗದಲ್ಲಿ ಹೆಣ್ಣಿಗೆ ಆಗುವ ಅನ್ಯಾಯವನ್ನು ನಗಿಸುತ್ತಾ ಹೇಳುತ್ತೇವೆಂದು ಡಂಗುರ ಸಾರಿಕೊಂಡು ಟೀವಿಗೆ ಬಂದ ಆ ಧಾರಾವಾಹಿಯನ್ನು ನಾನು ಪೂರ್ತಿ ನೋಡಿದ್ದೇನೆ. ಬೈಯುವುದಕ್ಕಾದರೂ ನೋಡಬೇಕಲ್ಲ. ನಾಯಕಿ ಸರಿಯಾದ ಸಂಬಳ ಕೇಳಿದರೆ ಹಿನ್ನೆಲೆಯಲ್ಲಿ ಟುಂಯ್ ಎಂಬ ಸದ್ದು. ಕೊನೆಗೆ ನಾಯಕ ಬಂದು ಸಮಾನತೆಯ ಭಾಷಣ ಬಿಗಿಯುತ್ತಾನೆ, ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುವ ಹಾಗೂ ಇಲ್ಲ. ಇವರು ಬೆಟ್ಟದ ಹತ್ತಿರವೇ ಹೋಗಿರಲಿಲ್ಲ.

ನನ್ನ ಸಿಟ್ಟಿಗೆ ಇನ್ನೂ ಒಂದು ಕಾರಣ ಇದೆ. ಕಾಣಿಯೂರಿನಲ್ಲಿರುವ ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ವರ್ಷಗಟ್ಟಲೆ ತುಳು ನಾಟಕಗಳಲ್ಲಿ ಅಭಿನಯಿಸಿದವಳು. ಸಿನಿಮಾಗಳಲ್ಲೂ ತಾಯಿಯೋ ಅತ್ತೆಯೋ ಆಗಿ ಹಿಂದೆ ನಿಂತವಳು. ಒಮ್ಮೆ ಸುಳ್ಯದ ಕಡೆ ಗುಡ್ಡದ ಮೇಲೆ ಚಿತ್ರೀಕರಣ. ಬಟ್ಟೆ ಬದಲಿಸಲು ಜಾಗವಿರಲಿಲ್ಲ. ಇಬ್ಬರು ಹೆಂಗಸರು ಸೀರೆ ಹಿಡಿದು ಮರೆ ಮಾಡಿದರು. ಗಾಳಿಗೆ ಆ ಸೀರೆ ಹಾರಿತು. ಆಚೆ ನಿಂತಿದ್ದ ಗಂಡಸರು ಸಿಳ್ಳೆ ಹೊಡೆದರು. ಸಂಜೆಯವರೆಗೂ ಅವರ ಎದುರೇ ಅವಳು ಅಭಿನಯಿಸಬೇಕಾಯಿತು. ಇದನ್ನು ಅವಳು ಹೇಳಿಕೊಂಡದ್ದು ನನ್ನೊಬ್ಬಳ ಹತ್ತಿರ. ಅಣ್ಣನಿಗೂ ಹೇಳಿರಲಿಲ್ಲ.

ಈ ಧಾರಾವಾಹಿಯವರು ಪುತ್ತೂರಿಗೆ ಬಂದಾಗ, ಕಥೆಯಲ್ಲಿ ನಟಿಯರ ದೂರು ಕೇಳುವ ವಿಚಾರಣಾ ಸಮಿತಿಯ ಮುಂದೆ ತನ್ನ ಕಷ್ಟ ಹೇಳುವ ಹಳೆಯ ನಟಿಯ ಪಾತ್ರಕ್ಕೆ ಅತ್ತಿಗೆಯನ್ನು ಆರಿಸಿದರು. ನಿಮ್ಮದೇ ಅನುಭವ ಏನಾದರೂ ಹೇಳಿ ಎಂದರು. ಅವಳು ಬಹಳ ಹೊತ್ತು ಯೋಚಿಸಿ ಸೀರೆ ಹಾರಿದ್ದನ್ನು ಹೇಳಿದಳು.

"ನಾನೇ ಹೇಳುದಾದರೆ ಮಾತ್ರ. ಬೇರೆಯವರ ಬಾಯಲ್ಲಿ ಬೇಡ," ಎಂದೂ ಹೇಳಿದಳು. ನಿರ್ದೇಶಕ ತಲೆಯಾಡಿಸಿದ.

ಚಿತ್ರೀಕರಣದ ದಿನ ನಾನೂ ಜೊತೆಗಿದ್ದೆ. ಅವಳು ದನಿ ಏರಿಸದೆ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮ ನಾಟಕಗಳಲ್ಲಿ ಹೆಣ್ಣುವೇಷ ಹಾಕಿ ಹೆಸರು ಮಾಡಿದ ಹಾಸ್ಯನಟನೊಬ್ಬ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿದ್ದ. ಅಭಿಮಾನವಿರಬೇಕು ಎಂದುಕೊಂಡೆವು, ಪೆದ್ದಿಯರು.

ಆ ಕಂತು ಬರುವ ಸಂಜೆ ಅತ್ತಿಗೆ ಅಕ್ಕಪಕ್ಕದವರನ್ನೆಲ್ಲ ಕರೆದು ಗೋಳಿಬಜೆ ಕರಿದಿದ್ದಳು. ಅಣ್ಣನಿಗೆ ಮೊದಲೇ ಹೇಳಿಬಿಡು ಎಂದೆ. "ಟೀವಿಯಲ್ಲಿ ಕೇಳಲಿ. ನನ್ನ ಬಾಯಿಂದ ಬರುದಿಲ್ಲ," ಎಂದಳು. ಅವಳು ಆ ಪಾತ್ರ ಒಪ್ಪಿದ್ದೇ ಅದಕ್ಕೆ.

ಟೀವಿಯಲ್ಲಿ ಸಮಿತಿಯ ಮುಂದೆ ಬಂದು ನಿಂತದ್ದು ಅತ್ತಿಗೆಯಲ್ಲ, ಆ ಹಾಸ್ಯನಟ. ಸೀರೆ ಉಟ್ಟಿದ್ದ, ಎದೆಗೆ ಏನೇನೋ ತುರುಕಿಕೊಂಡಿದ್ದ. ಅತ್ತಿಗೆ ಸೆರಗು ಸಿಕ್ಕಿಸುವ ರೀತಿ, ಮಾತಿನ ನಡುವೆ ಅವಳು ಉಗುಳು ನುಂಗುವುದು, ಎಲ್ಲವನ್ನೂ ಕದ್ದಿದ್ದ. ನಮ್ಮ ಕಡೆ ಗಂಡಸು ಸೀರೆ ಉಟ್ಟು ಬಂದರೆ ಸಾಕು, ಬಾಯಿ ತೆರೆಯುವ ಮೊದಲೇ ಜನ ನಗುತ್ತಾರೆ. ಸಣ್ಣಂದಿನಿಂದ ಆದ ಅಭ್ಯಾಸ. ಚಾವಡಿಯಲ್ಲಿದ್ದವರೂ ನಕ್ಕರು. ಹೆಂಗಸರೂ ನಕ್ಕರು. "ಗಾಳಿಗೆ ಸೀರೆ ಹಾರಿತು ಸಾರ್" ಎಂದು ಅವನು ಎರಡೂ ಕೈಯಲ್ಲಿ ಎದೆ ಮುಚ್ಚಿಕೊಂಡಾಗ ಗೋಳಿಬಜೆ ಒಬ್ಬರ ನೆತ್ತಿಗೆ ಹತ್ತಿತು.

ಮರುದಿನ ನಾನು ನಿರ್ದೇಶಕನಿಗೆ ಫೋನು ಮಾಡಿ ಉಗಿದೆ. "ನಿಮ್ಮ ಅತ್ತಿಗೆ ಮಾಡಿದ್ದು ತುಂಬಾ ಸೀರಿಯಸ್ ಆಯ್ತು ಮೇಡಂ. ಜನ ಚಾನೆಲ್ ಬದಲಾಯಿಸ್ತಾರೆ," ಎಂದ. ಹೆಣ್ಣಿಗೆ ಅವಕಾಶ ಕೊಡದವರ ಕಥೆ ಹೇಳಲು ಹೆಣ್ಣಿಗೇ ಅವಕಾಶ ಕೊಡದ ಮಹಾನುಭಾವ! ನಾಚಿಕೆ ಎಂಬುದು ಆ ಜನರ ಹತ್ತಿರವೂ ಸುಳಿದಿಲ್ಲ.

ಆದರೆ ಹಿಂದಿನ ಸಂಜೆ ಟೀವಿಯ ಮುಂದೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಅಣ್ಣ. ತೊಡೆ ತಟ್ಟಿಕೊಂಡು, ಕಣ್ಣೀರು ಒರೆಸಿಕೊಂಡು, "ಎಂತ ಆ್ಯಕ್ಟಿಂಗ್ ಮಾರಾಯ್ತಿ! ಇಂಥದ್ದೆಲ್ಲ ಇವರಿಗೆ ಎಲ್ಲಿ ಸಿಗುದು?" ಎಂದ.

"ನಾನು ಹೇಳಿದ್ದು," ಎಂದಳು ಅತ್ತಿಗೆ. "ಆ ಸೀರೆಯ ಹಿಂದೆ ನಿಂತಿದ್ದದ್ದು ನಾನು."

ಅಣ್ಣ ಅವಳ ಕಡೆ ತಿರುಗಿದ. ಅವನ ಬಾಯಿಯ ನಗು ಇನ್ನೂ ಹೋಗಿರಲಿಲ್ಲ.