ಮೈಕಮ್ಮನ ಅಡುಗೆಮನೆ ಮತ್ತು ಎಂಬತ್ತು ಅಡಿ ರಸ್ತೆ

ನಮ್ಮ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಊರಿನಲ್ಲಿ ಯಾರೂ ಉಳಿದಿಲ್ಲ. ಎಲ್ಲರಿಗೂ ಅವರು ಮೈಕಮ್ಮ. ಆಟೋದ ತಲೆಯ ಮೇಲೆ ಎರಡು ಸ್ಪೀಕರು, ಹಿಂದಿನ ಸೀಟಿನಲ್ಲಿ ಮೈಕು ಹಿಡಿದ ಅತ್ತೆ, ಮುಂದೆ ಆಟೋ ಓಡಿಸುವ ಅವರ ತಮ್ಮ. ನಾಳೆ ನೀರು ಬರುವುದಿಲ್ಲ, ಬಟ್ಟೆ ಅಂಗಡಿಯಲ್ಲಿ ರಿಯಾಯಿತಿ, ಉಚಿತ ಕಣ್ಣಿನ ತಪಾಸಣೆ, ಕಾಣೆಯಾದ ಮಗು, ಸಿಕ್ಕಿದ ಮಗು, ಎಲ್ಲವೂ ಊರಿಗೆ ಮುಟ್ಟುವುದು ಅವರ ಗಂಟಲಿನಿಂದಲೇ. ಮಾವ ತೀರಿಕೊಂಡ ಮೇಲೆ ಅವರ ಮೈಕನ್ನು ಯಾರಿಗೆ ಮಾರುವುದೆಂದು ನೆಂಟರೆಲ್ಲ ಸೇರಿ ಮಾತಾಡುತ್ತಿದ್ದಾಗ, ಅತ್ತೆ ಅದನ್ನು ಕೈಗೆತ್ತಿಕೊಂಡು "ಹಲೋ, ಹಲೋ" ಅಂದರಂತೆ. ಮಾರುವ ಮಾತು ಅಲ್ಲಿಗೆ ಮುಗಿಯಿತು.

ನಾನು ಮನೆಅಳಿಯ. ಇದನ್ನು ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಊರವರು ಹೇಳುತ್ತಾರೆ. ಮದುವೆಯಾದಾಗ ನನ್ನ ಬಳಿ ಇದ್ದದ್ದು ಜಿಲ್ಲಾ ಯೋಜನಾ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಮತ್ತು ಒಂದು ಟ್ರಂಕು. "ಇಲ್ಲಿ ಎರಡು ರೂಮಿದೆ, ಒಂದು ನಿಮಗೆ. ಬಾಡಿಗೆ ಮನೆ ಹುಡುಕೋ ಶೋಕಿ ಬೇಡ" ಎಂದು ಅತ್ತೆ ಒಳಗೆ ಕರೆದುಕೊಂಡರು. ಇವತ್ತಿಗೂ ಮೊದಲು ಬಡಿಸುವುದು ನನ್ನ ತಟ್ಟೆಗೆ, ಗದರುವುದೂ "ಅಳಿಯಂದಿರೇ" ಎಂದು ಬಹುವಚನದಲ್ಲೇ.

ಆ ಮನೆಯಲ್ಲಿ ಅತ್ತೆಯ ಸ್ವಂತ ಸಂಪಾದನೆ ಎಂದರೆ ಅಡುಗೆಮನೆ. ಮಾವನ ಕಾಲದಲ್ಲಿ ಒಲೆ ಇದ್ದದ್ದು ಹಿತ್ತಲಿನ ತಗಡಿನ ಕೆಳಗೆ. ಅತ್ತೆ ವರ್ಷಗಟ್ಟಲೆ ಕೂಗಿ ಕೂಗಿ ಅಲ್ಲಿ ಗೋಡೆ ಎಬ್ಬಿಸಿದರು, ಕಲ್ಲಿನ ಕಟ್ಟೆ ಹಾಕಿಸಿದರು, ಬೆಳಕಿಗೆಂದು ದೊಡ್ಡ ಕಿಟಕಿ ಇಡಿಸಿದರು. ಈಚೆಗೆ ಅದರ ಸೂರು ಸೋರತೊಡಗಿತ್ತು. ಬಿಚ್ಚಿ ಹೊಸದಾಗಿ ಹಾಕಿಸಲು ಅನುಮತಿ ಕೇಳುವ ತಯಾರಿಯಲ್ಲಿದ್ದರು.

ಅದೇ ಹೊತ್ತಿಗೆ ನಮ್ಮ ಕಚೇರಿಯಲ್ಲಿ ಜಿಲ್ಲೆಯ ಮಹಾಯೋಜನೆಯ ಪರಿಷ್ಕರಣೆ ಶುರುವಾಯಿತು. ಮುಂದಿನ ಇಪ್ಪತ್ತು ವರ್ಷ ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ, ಎಲ್ಲಿ ಬಯಲು ಎಂದು ಬಣ್ಣ ಹಾಕಿ ತೋರಿಸುವ ನಕ್ಷೆ ಅದು. ಮೇಲಿನವರು ಕೊಟ್ಟ ಗುರುತಿನಂತೆ ನಾನು ಗೆರೆ ಎಳೆಯುತ್ತಾ ಬಂದೆ. ಎಂಬತ್ತು ಅಡಿ ರಸ್ತೆಯ ಕೆಂಪು ಗೆರೆ ಮುಚ್ಚಿಹೋದ ಹಳೇ ಗಿರಣಿಯನ್ನು ಸುತ್ತುಹಾಕಿಕೊಂಡು, ನಮ್ಮ ಬೀದಿಯ ಹಿಂಭಾಗಕ್ಕೆ ಬಂದು, ಪಕ್ಕದ ಟೈಲರ್ ಮನೆಯ ಗೋಡೆ ಸವರಿ, ಸೀದಾ ನಮ್ಮ ಅಡುಗೆಮನೆಯೊಳಗೆ ನುಗ್ಗಿತು. ರಸ್ತೆ ಯಾವ ಕಾಲಕ್ಕೆ ಬರುತ್ತದೋ ಬಿಡಿ. ಯೋಜನೆ ಮಂಜೂರಾದ ದಿನದಿಂದಲೇ ಗೆರೆಯೊಳಗಿನ ಮನೆಗೆ ಒಂದು ಇಟ್ಟಿಗೆ ಇಡಲೂ ಅನುಮತಿ ಸಿಗುವುದಿಲ್ಲ. ಸೋರುವ ಸೂರು ಸೋರುತ್ತಲೇ ಬೀಳಬೇಕು.

ಕರಡು ನಕ್ಷೆ ಪ್ರಕಟವಾದ ಸಂಜೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ಸೊಪ್ಪು ಬಿಡಿಸುತ್ತಿದ್ದರು.

"ಸಭೆ ಇಡ್ತಾರೆ ಅತ್ತೆ. ಜನ ಬಂದು ಹೇಳಿದ್ರೆ ಬದಲಾಯಿಸೋಕೆ ಅವಕಾಶ ಇದೆ. ನೀವೇ ಬಂದು ಹೇಳಿ."

"ಆ ಸಭೆಗೆ ಜನಾನ ಕರೆಯೋ ಕೆಲಸ ನನಗೇ ಬಂದಿದೆ. ಸಭೇಲಿ ಮೈಕ್ ಇಡೋದೂ ನಾನೇ. ಅವರ ಕೆಲಸಕ್ಕೆ ಹೋಗಿ ನನ್ನ ಅಡುಗೆಮನೆ ಪುರಾಣ ಓದ್ಲಾ?"

ಮೈಕು ಬಾಡಿಗೆಗೆ ಕೊಟ್ಟ ಹೊತ್ತು ಬಾಯಿಯನ್ನೂ ಬಾಡಿಗೆಗೆ ಕೊಟ್ಟಂತೆ ಎಂಬುದು ಅತ್ತೆಯ ಕಟ್ಟುನಿಟ್ಟು. ಒಮ್ಮೆ ಬಟ್ಟೆ ಅಂಗಡಿಯ ಪ್ರಚಾರಕ್ಕೆ ಹೋದಾಗ ದಾರಿಯಲ್ಲಿ ಮನೆಯ ಬೀಗದ ಕೈ ಬಿದ್ದುಹೋಯಿತು. ಮೈಕಿನಲ್ಲಿ ಒಂದು ಮಾತು ಹೇಳಿದ್ದರೆ ಸಿಗುತ್ತಿತ್ತು. ಅತ್ತೆ ಮೈಕು ಆರಿಸಿ, ಆಟೋ ಇಳಿದು, ಮನೆ ಮನೆಗೆ ನಡೆದು ವಿಚಾರಿಸಿದರು. ಈ ಕಥೆ ಬೀದಿಗೆಲ್ಲ ಬಾಯಿಪಾಠ.

"ಸಭೆ ಮುಗಿಯೋವರೆಗೂ ನಾನು ಅವರ ಆಳು, ನೀವು ಅವರ ಸಂಬಳದವರು. ಇಬ್ರೂ ಬಾಯಿ ಮುಚ್ಕೊಂಡಿರೋಣ ಅಳಿಯಂದಿರೇ."

"ಊರಿನ ಕಳೆದ ಮಕ್ಕಳನ್ನೆಲ್ಲ ಹುಡುಕಿಸಿಕೊಡ್ತೀಯ, ನಿನ್ನ ಮನೆ ಮಾತ್ರ ಕಳ್ಕೊಂಡು ಕೂತ್ಕೋ" ಎಂದು ನನ್ನ ಹೆಂಡತಿ ತಾಯಿಯ ಮೇಲೆ ಹರಿಹಾಯ್ದಳು. ಆಮೇಲೆ ನನ್ನ ಮೇಲೂ ಹರಿಹಾಯ್ದಳು, ಅದು ವಾಡಿಕೆ.

ಕಚೇರಿ ಬರೆದುಕೊಟ್ಟದ್ದನ್ನು ಅತ್ತೆ ಒಂದಕ್ಷರ ಬಿಡದೆ ಓದಿದರು. "ಮಹಾಯೋಜನೆಯ ಪರಿಷ್ಕರಣೆ ಸಂಬಂಧ ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ." ಸಭೆಗೆ ಬಂದವರು ಒಬ್ಬರೇ, ನಿವೃತ್ತ ಪೋಸ್ಟ್‌ಮ್ಯಾನ್ ತಾತ. ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಕೂತು, ಕೊಟ್ಟ ಹಾಳೆಯಲ್ಲಿ "ನನ್ನದೇನೂ ಆಕ್ಷೇಪಣೆ ಇಲ್ಲ. ಎಲ್ಲರಿಗೂ ಒಳ್ಳೆಯದಾಗಲಿ" ಎಂದು ಬರೆದು ಸಹಿ ಹಾಕಿ ಹೋದರು.

ನಮ್ಮ ಅಧಿಕಾರಿ ಮೇಡಂ ಹೊಸದಾಗಿ ಬಂದವರು, ಬೇಗ ಬೇಸರ ಮಾಡಿಕೊಳ್ಳುವ ಪೈಕಿ ಅಲ್ಲ. ವೈರು ಸುತ್ತುತ್ತಿದ್ದ ಅತ್ತೆಯ ಬಳಿ ಬಂದು, "ಅಮ್ಮಾ, ಯಾಕೆ ಯಾರೂ ಬರಲಿಲ್ಲ?" ಎಂದು ಕೇಳಿದರು.

"ಆಕ್ಷೇಪಣೆ ಅಂದ್ರೆ ಜಗಳಕ್ಕೆ ಕರೆದ ಹಾಗಲ್ವಾ ಮೇಡಂ. ಮರ್ಯಾದಸ್ಥರು ಯಾರು ಬರ್ತಾರೆ?"

ಮೇಡಂ ನಕ್ಕು ಅಲ್ಲೇ ಬೆಂಚಿನ ಮೇಲೆ ಕೂತರು. ಇನ್ನೊಂದು ಸಭೆ ಇಡುವುದೆಂದಾಯಿತು. ಅದಕ್ಕೆ ಇಬ್ಬರೂ ಸೇರಿ ಹೊಸ ಮಾತು ಕಟ್ಟಿದರು. "ನಕ್ಷೆಯಲ್ಲಿ ನಿಮ್ಮ ಮನೆ ಎಲ್ಲಿದೆ, ಬಂದು ನೋಡಿ. ಮುಂದೆ ನಿಮ್ಮ ಬೀದಿ ಹೇಗಿರಬೇಕು, ಹೇಳಿ ಹೋಗಿ. ಜಗಳ ಇಲ್ಲ, ಟೀ ಇದೆ." ಟೀ ಸೇರಿಸಿದ್ದು ಮೇಡಂ.

ಈ ಸಲ ಆದದ್ದೇ ಬೇರೆ. "ನಿಮ್ಮ ಮನೆ, ಬಂದು ನೋಡಿ" ಎಂಬುದು ಬೀದಿಯ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ "ಸರ್ಕಾರದವರು ಮನೆ ಹಂಚ್ತಾರಂತೆ" ಎಂದಾಗಿತ್ತು. ಸಭೆಯ ದಿನ ಹಾಲ್ ತುಂಬಿ, ಬಾಗಿಲ ಹೊರಗೂ ಜನ. ಕೈಯಲ್ಲಿ ಗುರುತಿನ ಚೀಟಿಯ ನಕಲು, ಕೆಲವರ ಕೈಯಲ್ಲಿ ಫೋಟೋ. ನನಗೆ ಬೆವರು ಕಿತ್ತುಬಂತು. ಮೇಡಂ ಮಾತ್ರ, "ಬಂದಿದ್ದಾರಲ್ಲ, ಬಿಡಿ" ಅಂದು, ಮನೆ ಹಂಚುವುದಿಲ್ಲವೆಂದು ತಾವೇ ನಿಂತು ಹೇಳಿದರು. ಅರ್ಧ ಹಾಲ್ ಗೊಣಗಿತು. ಅಷ್ಟರಲ್ಲಿ ಟೀ ಬಂದದ್ದರಿಂದ ಯಾರೂ ಏಳಲಿಲ್ಲ.

ನಕ್ಷೆಯನ್ನು ಟೇಬಲ್ಲುಗಳ ಮೇಲೆ ಹರಡಿದ್ದೆವು. ನಮ್ಮ ಮನೆ ಎಲ್ಲಿ, ನಮ್ಮ ಮನೆ ಎಲ್ಲಿ ಎಂದು ಎಲ್ಲರೂ ಮುಗಿಬಿದ್ದರು. ನಾನು ತೋರಿಸುತ್ತಾ ಹೋದೆ. ತಮ್ಮ ಮನೆ ಸಿಕ್ಕಿದವರಿಗೆ ಬೀದಿ ಕಂಡಿತು, ಬೀದಿ ಕಂಡವರಿಗೆ ಮಾತು ಬಂತು. ಬಸ್ ನಿಲ್ಲುವಲ್ಲಿ ನೆರಳಿಲ್ಲ ಎಂದರು ಹೆಂಗಸರು. ಲಾರಿಗಳಿಗೆ ಬೇರೆ ದಾರಿ ಬೇಕೆಂದ ಬೇಕರಿಯವನು. ಮೂಲೆಯಲ್ಲಿ ಆಂಪ್ಲಿಫಯರ್ ಪಕ್ಕ ಕೂತ ಅತ್ತೆ ಮಾತಾಡುವವರಿಗೆಲ್ಲ ಮೈಕು ದಾಟಿಸುತ್ತಿದ್ದರು. ತಮ್ಮ ಸರದಿ ಎಂಬುದೊಂದಿದೆ ಎಂದು ಅವರ ಮುಖದಲ್ಲಿ ಕಾಣಲೇ ಇಲ್ಲ. ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು.

ಎಲ್ಲರೂ ಕುರ್ಚಿಗೆ ಮರಳಿದ್ದರು, ಪಕ್ಕದ ಮನೆಯ ಟೈಲರ್ ಮಾತ್ರ ಇನ್ನೂ ನಕ್ಷೆಯ ಬಳಿಯೇ ನಿಂತಿದ್ದ. ತನ್ನ ಗೋಡೆಯಿಂದ ಕೆಂಪು ಗೆರೆಯ ಮೇಲೆ ಬೆರಳಿಟ್ಟು ನಿಧಾನವಾಗಿ ಪಕ್ಕಕ್ಕೆ ಸರಿಸಿದ. ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದ. ನಾನು ನಕ್ಷೆ ನೋಡಿದೆ.

ಅವನು ಸೀದಾ ಹೋಗಿ ಅತ್ತೆಯಿಂದಲೇ ಮೈಕು ಇಸಿದುಕೊಂಡ.

"ಮೇಡಂ, ಗೆರೆ ನನ್ನ ಗೋಡೆ ಸವರುತ್ತೆ, ಅದು ಹಾಗಿರಲಿ. ಪಕ್ಕದ್ದು ಮೈಕಮ್ಮನ ಅಡುಗೆಮನೆ. ಅವರು ಹೇಳಲ್ಲ, ಅದಕ್ಕೆ ನಾನು ಹೇಳ್ತಿದ್ದೀನಿ. ಅದನ್ನ ಒಡೀಬಾರದು."

ಹಾಲ್‌ನಲ್ಲಿ ಗುಜುಗುಜು ಎದ್ದಿತು. "ನನ್ನ ಮಗಳು ಕಳೆದುಹೋದಾಗ ಈಯಮ್ಮ ಸಿಗೋವರೆಗೂ ಕೂಗಿದ್ರು" ಎಂದಳು ಒಬ್ಬಳು. "ಗಿರಣಿ ಅಂಗಳ ಪಾಳು ಬಿದ್ದಿದೆಯಲ್ಲ, ರಸ್ತೆ ಅದನ್ನ ಸುತ್ತುಹಾಕಿ ಯಾಕೆ ಬರಬೇಕು, ಒಳಗಿಂದಾನೇ ಹೋಗ್ಲಿ" ಎಂದ ಬೇಕರಿಯವನು. ಪೋಸ್ಟ್‌ಮ್ಯಾನ್ ತಾತ ಎದ್ದು ನಿಂತರು. "ಹೋದ ಸಲ ಆಕ್ಷೇಪಣೆ ಇಲ್ಲ ಅಂತ ಬರೆದಿದ್ದೆ ತಾಯಿ. ಅದನ್ನ ಹೊಡೆದುಹಾಕಿ. ಇದೆ ಅಂತ ಬರ್ಕೊಳ್ಳಿ."

ಮೇಡಂ ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಅದು ನಿಮ್ಮ ಮನೇನಾ? ನೀವೇ ಹೇಳಿ."

"ನಾನು ಕೆಲಸದ ಮೇಲೆ ಬಂದಿದ್ದೀನಿ ಮೇಡಂ" ಎಂದರು ಅತ್ತೆ.

"ಹಾಗಾದ್ರೆ ಈಗಿನಿಂದ ಬೀದಿಯವರು ನಿಮ್ಮನ್ನ ಬಾಡಿಗೆಗೆ ತಗೊಂಡಿದ್ದೀವಿ" ಎಂದ ಟೈಲರ್, ಮೈಕನ್ನು ಅವರ ಕೈಗೆ ತುರುಕುತ್ತಾ. "ನಾವು ಕೊಟ್ಟ ಕೆಲಸ ಇದು. ಮೈಕಮ್ಮನ ಅಡುಗೆಮನೆ ವಿಷಯ ಹೇಳಿ."

ಅತ್ತೆ ಎದ್ದರು. ಮೈಕು ಬಾಯಿಗೆ ಹಿಡಿದರು. ಊರಿನ ಮೂಲೆ ಮೂಲೆಗೆ ಮುಟ್ಟುವ ಆ ಗಂಟಲಿನಿಂದ ಒಂದು ಉಸಿರು ಹೊರಟಿತು, ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಪಟ್ಟರು. ತುಟಿ ಆಡಿದ್ದು ಮಾತ್ರ ಕಂಡಿತು.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಮೈಕಮ್ಮ, ಕೇಳಿಸ್ತಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಇಡೀ ಹಾಲ್ ನಕ್ಕಿತು. ಅತ್ತೆಯೂ ನಕ್ಕರು, ಅಳುತ್ತಲೇ ನಕ್ಕರು. ಆಮೇಲೆ ಹೇಳಿದರು. ಕಟ್ಟೆ, ಕಿಟಕಿ, ಸೋರುವ ಸೂರು, ಒಂದನ್ನೂ ಬಿಡಲಿಲ್ಲ. ನಾನು ನಕ್ಷೆ ಮಡಚುವ ನೆಪದಲ್ಲಿ ತಲೆ ತಗ್ಗಿಸಿಕೊಂಡಿದ್ದೆ.

ಮೇಡಂ ಸ್ಥಳಕ್ಕೆ ಬಂದು ನೋಡಿದರು, ಮೇಲಿನವರಿಗೆ ಬರೆದರು, ಬಿಡದೆ ಬೆನ್ನು ಹತ್ತಿದರು. ಗೆರೆ ಗಿರಣಿಯ ಅಂಗಳದೊಳಕ್ಕೆ ಸರಿಯಿತು. ಅವರಿಗೆ ನಾನು ಕೈಮುಗಿದೆ. ಉಳಿದವರಿಗೆ, ಮನೆ ಸಿಗುತ್ತದೆಂದು ಬಂದು ನಮ್ಮ ಮನೆ ಉಳಿಸಿ ಹೋದ ಅಷ್ಟು ಜನಕ್ಕೆ, ಎಲ್ಲಿ ಹೋಗಿ ಹೇಗೆ ಹೇಳುವುದೋ ತಿಳಿಯಲಿಲ್ಲ.

ಅತ್ತೆಗೆ ತಿಳಿದಿತ್ತು. ಯೋಜನೆ ಮಂಜೂರಾದ ಮರುದಿನ ಬೆಳಿಗ್ಗೆ ಯಾರ ಕೆಲಸವನ್ನೂ ಒಪ್ಪಿಕೊಳ್ಳದೆ ಆಟೋ ಹತ್ತಿದರು. ಪ್ರತಿ ತಿರುವಿನಲ್ಲೂ ನಿಲ್ಲಿಸಿ ಇಷ್ಟೇ ಹೇಳಿದರು:

"ನಾನು ಮೈಕಮ್ಮ. ನಿಮ್ಮಿಂದ ನನ್ನ ಅಡುಗೆಮನೆ ಉಳೀತು. ಸಭೆ ದಿನದ ಬಾಡಿಗೆ ಬೇಡ."