ಸಮುದ್ರಕ್ಕಿಳಿಯುವವರ ಪಟ್ಟಿ

ಹೇಳಬೇಕಾದ್ದನ್ನು ಮುಂದೂಡುವ ವಿದ್ಯೆಯಲ್ಲಿ ನನ್ನಷ್ಟು ಪಳಗಿದವನು ರಾಯಲ್ಪಾಡಿನ ಸುತ್ತಮುತ್ತ ಇನ್ನೊಬ್ಬನಿರಲಾರ. ಹದಿಮೂರನೆಯ ವಯಸ್ಸಿನಲ್ಲಿ ಆಡಬೇಕಾಗಿದ್ದ ಒಂದು ಮಾತನ್ನು ಎಪ್ಪತ್ತರವರೆಗೆ ತಳ್ಳಿಕೊಂಡು ಬಂದಿದ್ದೇನೆ. ಅಪ್ಪನ ಕೋಪ ಇಳಿಯಲಿ ಎಂದುಕೊಂಡೆ, ಅಪ್ಪನೇ ಹೋದರು. ಮಾವಿನ ಸುಗ್ಗಿ ಮುಗಿಯಲಿ ಎಂದುಕೊಂಡೆ, ಸುಗ್ಗಿಗಳಿಗೇನು, ವರ್ಷವರ್ಷವೂ ಮುಗಿದವು. ಇವತ್ತು ಸಂಜೆ ಐದು ಗಂಟೆಯಿಂದಾಚೆಗೆ ತಳ್ಳಲು ಜಾಗವಿಲ್ಲ. ಆದ್ದರಿಂದ ಬರೆಯಲು ಕುಳಿತಿದ್ದೇನೆ.

ಇಕ್ಕಟ್ಟು ಶುರುವಾದದ್ದು ಪರಂಗಿ ಎಲೆಯ ದಂಟಿನಿಂದ. ಪರಂಗಿಯ ದಂಟು ಒಳಗೆ ಟೊಳ್ಳು. ಒಂದು ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಕೆಟ್ಟಿನ ನೀರಿಗೆ ಮುಖ ಅದ್ದಿದರೆ ಇನ್ನೊಂದು ತುದಿಯಿಂದ ಉಸಿರಾಡಬಹುದು. ಮೊನ್ನೆ ಹಿತ್ತಲಲ್ಲಿ ನಾನು ಈ ಸಾಧನೆಯಲ್ಲಿ ತೊಡಗಿದ್ದಾಗ ಮೊಮ್ಮಗಳು ಕೀರ್ತನಾ ಗುರುಸ್ಥಾನದಲ್ಲಿ ನಿಂತಿದ್ದಳು. "ಮೂಗಲ್ಲಿ ಎಳೀಬೇಡ ತಾತಾ, ಬಾಯಲ್ಲೇ ಎಳಿ!" ನನ್ನ ಹೆಂಡತಿ ಒಳಗಿನಿಂದ ಇಣುಕಿ, "ಸಮುದ್ರದಾಗೆ ಹೋದ್ರೆ ಸಮುದ್ರ ಅಂತ ಹೇಳ್ಬೋದು. ಬಕೆಟ್ನಾಗೆ ಹೋದ್ರೆ ನೆಂಟರಿಗೆ ಏನಂತ ಹೇಳ್ಲಿ?" ಎಂದಳು.

ಮಗ ಈ ಸಲ ಮಾವಿನಕಾಯಿ ಕಿತ್ತಾದ ಮೇಲೆ ಮನೆಮಂದಿಯನ್ನೆಲ್ಲ ಅಂಡಮಾನಿಗೆ ಕರೆದೊಯ್ಯುವುದೆಂದು ನಿಶ್ಚಯಿಸಿದ್ದಾನೆ: ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು, ಪಕ್ಕದ ಬೀದಿಯಲ್ಲಿರುವ ನನ್ನ ತಮ್ಮ, ಒಟ್ಟು ಆರು ಜನ. ತಳಕ್ಕೆ ಗಾಜು ಹಾಕಿದ ದೋಣಿಯಂತೆ, ಬಿಳಿ ಮರಳಿನ ದಡವಂತೆ, ಕಾಡಿನ ನಡುವೆ ಹರಿಯುವ ಉಪ್ಪುನೀರಿನ ಕಾಲುವೆಯಂತೆ. ಎಲ್ಲಕ್ಕೂ ಮಿಗಿಲಾದದ್ದು ಸ್ನಾರ್ಕ್ಲಿಂಗ್. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಕೊಳವೆ, ಮೈಗೆ ತೇಲುವ ಜಾಕೆಟ್ಟು ತೊಟ್ಟು ಬೋರಲಾಗಿ ತೇಲುತ್ತ ಕೆಳಗಿನ ಬಣ್ಣಬಣ್ಣದ ಮೀನುಗಳನ್ನು ನೋಡುವುದು. ನನ್ನ ಹೆಂಡತಿಯ ಯೋಜನೆಯಲ್ಲಿ ಮೀನುಗಳಿಗಿಂತ ರಾಗಿಹಿಟ್ಟಿಗೆ ಪ್ರಾಧಾನ್ಯ. ಅಲ್ಲಿ ಮುದ್ದೆ ಸಿಗುವುದಿಲ್ಲವೆಂದು ಯಾರೋ ಹೆದರಿಸಿದ್ದಾರೆ. ದೋಣಿಯವರಿಗೆ ಬೇಕಾದದ್ದು ಮಾತ್ರ ಒಂದೇ: ನೀರಿಗೆ ಇಳಿಯುವವರು ಯಾರುಯಾರು ಎಂಬ ಪಟ್ಟಿ. ಅದು ಇವತ್ತು ಐದು ಗಂಟೆಗೆ ಅವರಿಗೆ ತಲುಪಬೇಕು.

ನಿನ್ನೆ ಸಂಜೆ ತಮ್ಮ ಎಂದಿನಂತೆ ಕಾಫಿಗೆ ಬಂದ. ಕೀರ್ತನಾ ನೋಟುಬುಕ್ಕು ಹಿಡಿದು ಕಾದಿದ್ದಳು.

"ಚಿಕ್ಕತಾತಾ, ನಿಮ್ಮೆಸ್ರು ಬರೀಲಾ?"

ನನ್ನ ಹೆಂಡತಿ ನಕ್ಕಳು. "ನಮ್ಮ ಮೈದುನಾನಾ? ಬಸ್ಸು ಕೆರೆ ಕಟ್ಟೆ ಮೇಲೆ ಹೋದ್ರೆ ಕಣ್ಮುಚ್ಕೊಳೋ ಆಸಾಮಿ! ದಡದಾಗೆ ಚಪ್ಪಲಿ ಕಾಯೋಕೆ ಅಂತ ಬರ್ಕೊಳೇ."

"ಅದಕ್ಕೂ ಒಬ್ಬ ಬೇಕಲ್ಲ ಅತ್ತಿಗೆ. ಆರು ಜೊತೆ ಚಪ್ಪಲಿ, ಕಮ್ಮಿ ಜವಾಬ್ದಾರೀನಾ?" ಎಂದು ಅವನೂ ನಕ್ಕ. ನಾನೂ ನಕ್ಕೆ. ನಗುವುದು ನನಗೆ ರೂಢಿಯಾಗಿದೆ.

ಎಲ್ಲರೂ ಒಳಗೆ ಹೋದ ಮೇಲೆ ಅವನು ನನ್ನ ಹತ್ತಿರಕ್ಕೆ ಸರಿದು ಕೂತ.

"ಅಣ್ಣಾ, ಆ ಜಾಕೀಟಿಗೆ ಗಂಟು ಮುಂದಕ್ಕಿರ್ತದಾ, ಹಿಂದಕ್ಕಾ?"

"ಯಾಕ್ಲಾ?"

"ಹಿಂದಕ್ಕಿದ್ರೆ ನಾನೂ ಇಳಿಯಾನಾ ಅಂತ. ಆ ಮೀನು ನೋಡ್ಬೇಕು ಅಂತ ಆಸೆ ಕಣಣ್ಣಾ. ಮುಂದಕ್ಕಿದ್ರೆ ಬ್ಯಾಡ. ನನ್ನ ಕೈ ನಂಬಂಗಿಲ್ಲ, ನಿಂಗೊತ್ತಲ್ಲ. ಭಯ ಆದ್ರೆ ಬಿಚ್ಚಿಬಿಡ್ತವೆ."

ನಿಂಗೊತ್ತಲ್ಲ ಎಂದ. ಹೌದು, ನನಗೆ ಗೊತ್ತು. ನನಗೊಬ್ಬನಿಗೇ ಗೊತ್ತು. "ಕೇಳಿ ಹೇಳ್ತೀನಿ" ಎಂದು ಅದನ್ನೂ ಮುಂದೂಡಿದೆ.

ನಮ್ಮ ಕಡೆ ಹುಡುಗರು ಈಜು ಕಲಿಯುತ್ತಿದ್ದದ್ದು ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಒಳಗೆ ಗಾಳಿ ತುಂಬಿದ ಬುರುಡೆ ಎಂಥ ಭಾರದ ಹುಡುಗನನ್ನೂ ತೇಲಿಸುತ್ತದೆ. ಮನೆಗೊಂದು ಬುರುಡೆ, ಅಟ್ಟದಲ್ಲಿ ಜೋಪಾನ. ಅಪ್ಪನಿಗೆ ನಮ್ಮ ಬುರುಡೆಯ ಮೇಲೆ ನನಗಿಂತ ಅಕ್ಕರೆ. ಅದನ್ನು ನಾನು ಮೇಲಕ್ಕೆಸೆದು ಹಿಡಿಯುವ ಆಟವಾಡುತ್ತ ಒಂದು ಸಲ ಹಿಡಿಯದೆ ಬಿಟ್ಟೆ. ಹುಣಸೆಬೀಜ ತೂರುವಷ್ಟು ತೂತು ಬಿತ್ತು. ಏಟಿಗೆ ಹೆದರಿ ಮಾವಿನ ಮರದ ಕಾಂಡದಿಂದ ಅಂಟು ಕಿತ್ತು ತಂದು, ಮೆದ್ದು, ತೂತಿಗೆ ಮೆತ್ತಿ, ಮೇಲೆ ಮಣ್ಣು ಸವರಿದೆ. ಒಣಗಿದ ಮೇಲೆ ಕಲ್ಲಿನ ಹಾಗಾಯಿತು. ಮಾವಿನ ತೋಟದಲ್ಲೇ ಹುಟ್ಟಿದ ನನಗೆ ಆ ಅಂಟು ನೀರಲ್ಲಿ ಕರಗುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸ್ವಲ್ಪ ಹೊತ್ತು ತಡೆದೀತು ಎಂದುಕೊಂಡೆ.

ಮರುವಾರ ಅಪ್ಪ, "ಚಿಕ್ಕೋನಿಗೆ ಈಜು ಕಲ್ಸು" ಎಂದರು. ಅವನಿಗೆ ಎಂಟು ವರ್ಷ. ಬೆನ್ನಿಗೆ ಬುರುಡೆ ಕಟ್ಟಿ, ಎದೆಯ ಮೇಲೆ ಗಂಟು ಹಾಕಿ ಇಳಿಸಿದೆ. ಮೊದಮೊದಲು ಚೆನ್ನಾಗಿಯೇ ತೇಲಿದ. "ಅಣ್ಣಾ ನೋಡು, ನೋಡು" ಎಂದು ಕೂಗುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಕಾಯಿಗೆ ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದೆ. ಕೂಗು ನಿಂತದ್ದು ತಿಳಿದು ತಲೆಯೆತ್ತಿದಾಗ ನೀರಿನ ಮೇಲೆ ಯಾರೂ ಇರಲಿಲ್ಲ. ನಾನು ಅರಚಿದೆ. ಪಕ್ಕದಲ್ಲಿ ಪಾತಿ ಮಾಡುತ್ತಿದ್ದ ಆಳು ಓಡಿಬಂದು ಹಾರಿ ಅವನನ್ನು ಮೆಟ್ಟಿಲಿಗೆ ತಂದು ಹಾಕಿ, ಗಾಬರಿಯಲ್ಲಿ ಬೆನ್ನ ಮೇಲೇನಿದೆ ಎಂದೂ ನೋಡದೆ ಅಪ್ಪನನ್ನು ಕರೆಯಲು ಓಡಿದ. ಎಲ್ಲರೂ ಬಂದು ಅವನ ಹೊಟ್ಟೆ ಅಮುಕಿ ನೀರು ಕಕ್ಕಿಸುವ ಮೊದಲೇ, ಜೀವವಿದೆಯೋ ಇಲ್ಲವೋ ನೋಡುವ ಮೊದಲೇ, ನನ್ನ ಬೆರಳುಗಳು ಎದೆಯ ಮೇಲಿನ ಗಂಟು ಬಿಚ್ಚಿದವು. ನೀರು ತುಂಬಿದ ಬುರುಡೆಯನ್ನು ಕಾಲಿನಿಂದ ಬಾವಿಗೆ ತಳ್ಳಿದೆ. ಸದ್ದಿಲ್ಲದೆ ಮುಳುಗಿತು.

"ಏನಾಯ್ತೋ?" ಎಂದರು ಅಪ್ಪ.

"ಅವನೇ ಬಿಚ್ಕೊಂಡ ಅಪ್ಪಾ, ಭಯಕ್ಕೆ."

ತಮ್ಮ ಬದುಕಿಕೊಂಡ. ಅಣ್ಣ ಹೇಳಿದ್ದನ್ನು ನಂಬಿಕೊಂಡ. ಊರು ಅವನನ್ನು ಬುರ್ರೋಡು ಎಂದಿತು. ತೆಲುಗಿನಲ್ಲಿ ಬುರುಡೆಯವನು ಎಂದರ್ಥ. ಹೋಬಳಿಯಲ್ಲಿ ಕಸಿ ಕಟ್ಟುವುದಕ್ಕೆ ಅವನ ಕೈಯೇ ಕೈ. ಅವನು ಸುತ್ತಿದ ಕಟ್ಟು ಸಡಿಲವಾದದ್ದನ್ನು ನಾನು ಕಂಡಿಲ್ಲ. ಆದರೆ ತನ್ನ ಮಗಳು ಕೂಸಾಗಿದ್ದಾಗ ಕಾಲುವೆ ದಾಟಬೇಕಾದರೆ ಅವಳನ್ನು ಹೆಂಡತಿಯ ಕೈಗೆ ಕೊಟ್ಟು ತಾನು ಬರಿಗೈಲಿ ದಾಟುತ್ತಿದ್ದ. ನಾನು ಅದನ್ನೂ ನೋಡಿ ನಗೆಯಾಡಿದ್ದೇನೆ.

ಈಗ ನಾಲ್ಕೂವರೆ. ಕೀರ್ತನಾ ಎರಡು ಸಲ ಬಂದು, "ತಾತಾ, ಐದು ಹೆಸ್ರಾ, ಆರಾ?" ಎಂದು ಕೇಳಿಹೋದಳು. ಸುಲಭದ ದಾರಿಯೊಂದಿದೆ. ಗಂಟು ಹಿಂದಕ್ಕೇ ಇರುತ್ತದೆ ಎಂದುಬಿಟ್ಟರೆ ಅವನು ಖುಷಿಯಾಗಿ ಇಳಿಯುತ್ತಾನೆ. ನಾನು ಎರಡನೆಯ ಸಲ ಅವನ ಬೆನ್ನಿಗೆ ಒಂದು ಸುಳ್ಳು ಕಟ್ಟಿ ನೀರಿಗಿಳಿಸಿದಂತಾಗುತ್ತದೆ. ಜಾಕೆಟ್ಟಿನ ಪಟ್ಟಿಗಳಿರುವುದು ಎದೆಯ ಮೇಲೆ. ಬೆಳಿಗ್ಗೆಯೇ ವಿಚಾರಿಸಿದೆ.

ಬಾಯಲ್ಲಿ ಹೇಳಲು ಹೋದರೆ ನಡುವೆ ಎಲ್ಲಾದರೂ ತಮಾಷೆ ಬೆರೆಸಿ ಹಗುರ ಮಾಡಿಬಿಡುತ್ತೇನೆಂಬ ಹೆದರಿಕೆ. ಅದಕ್ಕೇ ಈ ಹಾಳೆ. ಕಾಫಿಗೆ ಮೊದಲು ಇದನ್ನು ಅವನ ಕೈಗೆ ಕೊಡುತ್ತೇನೆ. ಓದಿದ ಮೇಲೆ ಅವನು ಸಮುದ್ರಕ್ಕಿಳಿಯಬಹುದು, ನಮ್ಮ ಜೊತೆ ಬರುವುದಿಲ್ಲ ಎನ್ನಬಹುದು, ಈ ಮನೆಯ ಮೆಟ್ಟಿಲನ್ನೇ ತುಳಿಯದಿರಬಹುದು. ಆರನೆಯ ಸಾಲನ್ನು ಖಾಲಿ ಬಿಡಲು ಕೀರ್ತನಾಗೆ ಹೇಳಿದ್ದೇನೆ. ಬರೆಯುವುದಾದರೆ ಅವನೇ ಬರೆಯಲಿ.

ಬೀದಿಯಲ್ಲಿ ಅವನ ಕೆಮ್ಮು ಕೇಳಿಸುತ್ತಿದೆ. ನಿನ್ನ ಕೈಗಳು ಏನನ್ನೂ ಬಿಚ್ಚಲಿಲ್ಲ ಕಣೋ. ಬಿಚ್ಚಿದವನು ನಾನು. ತಪ್ಪಾಯ್ತು, ವೆಂಕಟರವಣಪ್ಪ.