ಮುರಿದು ನೋಡಿದ ಅರಿಶಿಣ

ಸಾಂಗಲಿಯ ಪೇಟೆಯಲ್ಲಿ ನಮ್ಮದು ಅರಿಶಿಣದ ಅಂಗಡಿ. ಅಪ್ಪ ತೀರಿಕೊಂಡ ಮೇಲೆ ಅದನ್ನು ನಡೆಸುತ್ತಿರುವವಳು ಅವ್ವ. ಅವಳಿಗೆ ವ್ಯಾಪಾರ ಮರಾಠಿಯಲ್ಲಿ, ಬೈಗುಳ ಕನ್ನಡದಲ್ಲಿ.

ಕಳೆದ ಚುನಾವಣೆಯ ಹೊತ್ತಿನಲ್ಲಿ ಒಂದು ಸಂಜೆ ಅಂಗಡಿಯ ಟಿವಿಯಲ್ಲಿ ನಮ್ಮ ಕಡೆಯ ಇಬ್ಬರು ಅಭ್ಯರ್ಥಿಗಳ ಚರ್ಚೆ ಬರುತ್ತಿತ್ತು. ಮಳೆಗಾಲದಲ್ಲಿ ಪಕ್ಕದ ಹರಿಪುರಕ್ಕೆ ನುಗ್ಗುವ ಹೊಳೆಯ ನೀರನ್ನು ಹೇಗೆ ತಡೆಯುತ್ತೀರಿ ಎಂದು ನಿರೂಪಕ ಕೇಳಿದ. ಮೊದಲನೆಯವನು ಅರಳು ಹುರಿದಂತೆ ಉತ್ತರ ಹೇಳಿ ಮುಗಿಸಿದ. ಎರಡನೆಯವನು ತುಸು ತಡೆದು, "ನನಗೆ ಗೊತ್ತಿಲ್ಲ, ತಿಳಿದವರನ್ನು ಕೇಳಬೇಕು" ಎಂದ. ನಿರೂಪಕ ನಕ್ಕ. ನಾನೂ ನಕ್ಕೆ. ನನ್ನ ಮತ ಯಾರಿಗೆಂಬುದು ಆ ನಗೆಯಲ್ಲೇ ತೀರ್ಮಾನವಾಗಿತ್ತು.

ಅವ್ವ ನಗಲಿಲ್ಲ. ಯಾರೋ ಮಾದರಿಗೆಂದು ಕೊಟ್ಟುಹೋಗಿದ್ದ, ಥಳಥಳ ಹೊಳೆಯುವ ಅರಿಶಿಣದ ಕೊಂಬೊಂದನ್ನು ಲಟಕ್ಕನೆ ಮುರಿದು ನನ್ನ ಮೂಗಿನೆದುರು ಹಿಡಿದಳು. ಒಳಗೆ ಹುಳ ತಿಂದ ಪುಡಿ.

"ಪಾಲಿಶ್ ನೋಡಿ ಮಾಲ ತಗೋತಿಯೇನ? ನನ್ನ ಮಾಲಿನಾಗ ಹುಳ ಅದಾವ ಅಂತ ತಾನ ಹೇಳಿದ ರೈತ ಇಷ್ಟ ವರ್ಷದಾಗ ನನಗ ಒಮ್ಮೆನೂ ಮೋಸ ಮಾಡಿಲ್ಲ."

ಗೊತ್ತಿಲ್ಲವೆಂದವನಿಗೇ ಅವ್ವನ ಜೊತೆ ನಾನೂ ಮತ ಹಾಕಿದೆ. ಆತ ಸೋತ. ಪಕ್ಕದ ಅಂಗಡಿಯ ಕಾಕಾ, "ನಿಮ್ಮಾಂವ ಸೋತನಲ್ರಿ, ವೈನಿ!" ಎಂದು ಅವ್ವನನ್ನು ಕೆಣಕಿದರು. ಅವ್ವ ಹಳದಿಯಾದ ಕೈಗಳನ್ನು ಝಾಡಿಸಿಕೊಳ್ಳುತ್ತ ಅಂದ ಮಾತನ್ನು ನಾನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇನೆ:

"ಮಾಲ ಚಲೋನ ಇತ್ತರಿ. ಮುರದ ನೋಡಾವ್ರು ಕಡಿಮಿ ಬಿದ್ರು."